ಶಿವಲೀಲಾಳ ಸೊಕ್ಕು

ಕೊಟ್ಟೂರಿನಲ್ಲಿ ನಮ್ಮ ಎದುರು ಮನೆಯ ಶಿವಲೀಲಾಗೆ ಸೊಕ್ಕು ಎಂದು ಇಡೀ ಓಣಿ ಆಡಿಕೊಳ್ಳುತ್ತಿತ್ತು. ಪಕ್ಕದಲ್ಲೇ ಹಾದುಹೋದರೂ ಮಾತಾಡಿಸುವುದಿಲ್ಲ, ಪಂಕ್ತಿಯಲ್ಲಿ ಬಡಿಸಲು ಕರೆದರೆ ಎಲೆ ತುಳಿಯುತ್ತಾಳೆ ಅಂತ. ನಾನೂ ಆಡಿಕೊಂಡವಳೇ. ಮೂವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಪಾಠ ಮಾಡಿದವಳು ನಾನು. ಅದನ್ನು ನೆನೆದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಗಂಡ ತೀರಿಕೊಂಡ ಮೇಲೆ ಅವಳು ಖಾನಾವಳಿಗೆ ರೊಟ್ಟಿ ಬಡಿದೇ ಮಗಳು ಅಮೃತಾಳನ್ನು ಡಿಗ್ರಿ ಓದಿಸುತ್ತಿದ್ದಳು. ಕೈಕೆಳಗಿನ ರೊಟ್ಟಿ ಕಾಣುತ್ತಿತ್ತು, ಬದಿಯಲ್ಲಿದ್ದ ಒಲೆ ಕಾಣುತ್ತಿರಲಿಲ್ಲ. ಕೈ ಸುಟ್ಟುಕೊಂಡಾಗ ನಾನೇ ದಾವಣಗೆರೆಗೆ, ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದೆ. ಕಣ್ಣಿನ ಹಿಂದಿನ ತೆಳು ಪರದೆಯಲ್ಲಿ ಮಬ್ಬು ಬೆಳಕನ್ನು ಹಿಡಿಯುವ ಕಡ್ಡಿಯಾಕಾರದ ಕೋಶಗಳು ಸಾಯುತ್ತಿವೆ, ಅದಕ್ಕೇ ಸಂಜೆಯಾದರೆ ಕಾಣುವುದಿಲ್ಲ, ನೋಟ ಸುತ್ತಲಿಂದ ಕಿರಿದಾಗುತ್ತಾ ಬರುತ್ತದೆ ಎಂದರು. ತಂದೆ ತಾಯಿ ಇಬ್ಬರಿಂದಲೂ ಬಂದ ದೋಷವಂತೆ. ಶಿವಲೀಲಾಳ ತಾಯಿ ಗಂಗಾಂಬಿಕಾ ಮದುವೆಯಾದದ್ದು ತನ್ನ ಸೋದರಮಾವನನ್ನೇ.

"ನಿಮ್ಮ ಮಗಳಿಗೂ ಒಂದು ಪಾಲು ಬಂದಿರುತ್ತದೆ. ಅವಳ ಕಣ್ಣಿಗೇನೂ ಆಗುವುದಿಲ್ಲ. ಆದರೆ ಸಂಬಂಧದೊಳಗೆ ಮಾತ್ರ ಕೊಡಬೇಡಿ, ಹುಟ್ಟುವ ಮಕ್ಕಳಿಗೆ ಎರಡೂ ಕಡೆಯಿಂದ ಬಂದೀತು" ಎಂದರು ಡಾಕ್ಟರು.

ವಾರ ಕಳೆಯಲಿಲ್ಲ, ಗಂಗಾಂಬಿಕಾ ತನ್ನ ಮಗ ಕೊಟ್ರಸ್ವಾಮಿಗೆ ಅಮೃತಾಳನ್ನು ಕೇಳಲು ಅವನನ್ನೂ ಕರೆದುಕೊಂಡು ಬಂದಳು. ನಾನೂ ಅಲ್ಲೇ ಕೂತಿದ್ದೆ. ಸೋದರಮಾವನ ಹಕ್ಕು ಅಂತೆ. ಹುಡುಗಿಯೇನು ಹೊಲವೇ? ಡಾಕ್ಟರು ಹೇಳಿದ್ದನ್ನು ಶಿವಲೀಲಾ ಒಂದೂ ಬಿಡದೆ ಹೇಳಿದಳು.

"ಡಾಕ್ಟರ್ ಬಂದು ನಮ್ಮ ಸಂಬಂಧ ಕೂಡಿಸ್ತಾನೇನು? ನಿನ್ನ ತಮ್ಮಗ ಕಣ್ಣು ಚಲೋ ಅದಾವ" ಎಂದಳು ಗಂಗಾಂಬಿಕಾ.

ಹೊತ್ತು ಮುಳುಗಿತ್ತು, ಕರೆಂಟ್ ಹೋಗಿತ್ತು. ಅಮೃತಾ ಮಾವನಿಗೆ ಚಹಾ ಚಾಚಿದಳು. ಅವನು ಗಾಳಿಯಲ್ಲಿ ಕೈಯಾಡಿಸಿದ.

"ಇಲ್ಲೇ ಐತಲ್ಲ ಮಾವ, ಕಾಣವಲ್ದೇನು?"

ಶಿವಲೀಲಾ ತಮ್ಮನತ್ತ ತಿರುಗಿದಳು. "ಯಾವಾಗಿಂದ ಐತಿ, ಕೊಟ್ರ?"

"ಹೈಸ್ಕೂಲಿಂದ, ಅಕ್ಕ. ಅವ್ವ ಯಾರಿಗೂ ಹೇಳಬ್ಯಾಡ ಅಂದಿದ್ಲು."

ಗಂಗಾಂಬಿಕಾ ಮುಖ ತಗ್ಗಿಸಲಿಲ್ಲ. "ಹೊರಗಿನೋರಿಗಾದ್ರ ಹೇಳಬೇಕಾಕ್ಕಿತ್ತು. ಮನಿ ಹುಡುಗಿಗೆ ಏನು ಹೇಳೋದೈತಿ?"

ನನ್ನ ಮೈ ಉರಿದುಹೋಯಿತು. ಶಿವಲೀಲಾ ಮಾತ್ರ ದನಿ ಏರಿಸಲಿಲ್ಲ. ಗೋಡೆ ಹಿಡಿದು ಎದ್ದಳು.

"ಅಮೃತಾ, ಕತ್ತಲಾತು. ನಿಮ್ಮ ಮಾವಗ ದಾರಿ ಕಾಣಂಗಿಲ್ಲ. ಬಸ್‌ಸ್ಟ್ಯಾಂಡ್ ಮಟ ಬಿಟ್ಟು ಬಾ. ಅಲ್ಲೀಮಟ ಸಾಕು."