ಜೋಡಿ ವೈರಿನ ತಿಮ್ಮಣ್ಣ

ಶಹಾಪುರದಲ್ಲಿ ಬರೀ ತಿಮ್ಮಣ್ಣ ಎಂದು ಕೇಳಿದರೆ ಯಾರೂ ಮನೆ ತೋರಿಸುತ್ತಿರಲಿಲ್ಲ. ಆ ಹೆಸರಿನವರು ಓಣಿಗೆ ಇಬ್ಬರಾದರೂ ಇದ್ದರು. ಜೋಡಿ ವೈರಿನ ತಿಮ್ಮಣ್ಣ ಎಂದರೆ ಮಾತ್ರ, ಚಹಾದ ಕಪ್ಪು ಕೆಳಗಿಟ್ಟು ಎದ್ದು ಬಂದು ದಾರಿ ಹೇಳುವರು. ಅವನು ಮಾಡಿದ ಒಂದು ತಪ್ಪಿನಿಂದ ಬಂದ ಹೆಸರದು. ಅದನ್ನು ಅವನು ಎಂದೂ ಬೇಡ ಅನ್ನಲಿಲ್ಲ.

ಹುಟ್ಟಿದ್ದು ಗೋಗಿಯಲ್ಲಿ. ಅಪ್ಪ ಮಂದಿಯ ಹೊಲದಲ್ಲಿ ದುಡಿಯುವವನು. ತಿಮ್ಮಣ್ಣ ಎಸ್ಸೆಸ್ಸೆಲ್ಸಿ ಮುಗಿಸಿದ ಕಾಲಕ್ಕೇ ಎಡದಂಡೆ ಕಾಲುವೆಗೆ ನೀರು ಬಂತು. ನೀರಿನ ಹಿಂದೆಯೇ ಕೆಲಸಗಳೂ ಬಂದವು. ಅವನಿಗೆ ಲೈನ್‌ಮನ್ ಕೆಲಸ ಸಿಕ್ಕಿತು. ಕಾಲುವೆಯ ಏರಿಗುಂಟ ಒಂದು ಟೆಲಿಫೋನ್ ತಂತಿ ಹೋಗುತ್ತಿತ್ತು. ಯಾವ ಗೇಟು ಎಷ್ಟು ಎತ್ತಬೇಕು, ಎಷ್ಟು ಇಳಿಸಬೇಕು ಎಂಬ ಮಾತೆಲ್ಲ ಅದರ ಮೇಲೇ ಓಡಾಡಬೇಕು. ಆ ತಂತಿಯನ್ನು ಜೀವಂತ ಇಡುವುದು ತಿಮ್ಮಣ್ಣನ ಕೆಲಸ. ಸೈಕಲ್ಲಿಗೆ ತಂತಿಯ ಸುರುಳಿ ಕಟ್ಟಿಕೊಂಡು ದಿನಕ್ಕೆ ಹತ್ತು ಹನ್ನೆರಡು ಮೈಲಿ ತಿರುಗುತ್ತಿದ್ದ.

ತಂತಿ ಹಳತಾದಂತೆ ದನಿ ಕುಗ್ಗಿತು. ಕೊನೆಯ ಗೇಟಿನವನಿಗೆ 'ಎತ್ತು' ಅಂದರೋ 'ಇಳಿಸು' ಅಂದರೋ ತಿಳಿಯದೆ ಒಮ್ಮೆ ಭತ್ತದ ಗದ್ದೆಗೆ ನೀರು ನುಗ್ಗುವುದು ಸ್ವಲ್ಪದರಲ್ಲೇ ತಪ್ಪಿತು. ಆಗ ತಿಮ್ಮಣ್ಣ ಯಾರನ್ನೂ ಕೇಳದೆ ಒಂದು ಉಪಾಯ ಮಾಡಿದ. ದನಿ ಸೋಲುವ ದೂರದಲ್ಲಿ ಹಳೆಯ ತಂತಿಯ ಜೊತೆಗೆ ಇನ್ನೊಂದು ತಂತಿ ಎಳೆದು ಎರಡೂ ತುದಿಯಲ್ಲಿ ಕೂಡಿಸಿ ಬಿಗಿದ. ಮರುದಿನ ಕೊನೆಯ ಗೇಟಿನವನ ಕೆಮ್ಮು ಕೂಡ ಆಫೀಸಿನಲ್ಲಿ ಕೇಳಿಸಿತು. ಎರಡೆತ್ತು ಹೂಡಿದರೆ ಬಂಡಿ ಹಗುರ ಎಂಬುದು ರೈತರೆಲ್ಲರಿಗೂ ಗೊತ್ತಿದ್ದ ಮಾತು. ಅದನ್ನು ತಂತಿಗೆ ಹೂಡಿದವನು ತಾನು ಎಂಬ ಹೆಮ್ಮೆ ಅವನಲ್ಲಿ ಉಳಿಯಿತು.

ಮನೆಯಲ್ಲಿ ಅವನದು ಬೇರೆಯೇ ಒಂದು ಲೋಕ. ಯಾದಗಿರಿಯ ಗುಜರಿಯಿಂದ ತಂದ ವಾಲ್ವ್ ರೇಡಿಯೋ ಬಿಚ್ಚಿ ಅದರಿಂದ ಒಂದು ಚಿಕ್ಕ ಯಂತ್ರ ಮಾಡಿದ್ದ. ಟೇಪಿನ ಹಾಡು ಮೊದಲು ಅದರೊಳಗೆ ಹೋಗಿ ಆಮೇಲೆ ಆಂಪ್ಲಿಫೈಯರಿಗೆ ಹೋಗಬೇಕು. ಎರಡನ್ನೂ ಹತ್ತಿರ ಇಟ್ಟರೆ ಗುಂಯ್ ಎಂಬ ಸದ್ದು ಬರುತ್ತಿತ್ತು. ಅದಕ್ಕೆ ವಾಲ್ವಿನದನ್ನು ಒಳಮನೆಯಲ್ಲೂ ಆಂಪ್ಲಿಫೈಯರನ್ನು ಪಡಸಾಲೆಯಲ್ಲೂ ಇಟ್ಟು, ಗೋಡೆಗುಂಟ ಇಪ್ಪತ್ತು ಅಡಿ ವೈರು ಎಳೆದಿದ್ದ. ಸ್ಪೀಕರಿನ ಡಬ್ಬಿಗಳನ್ನು ಬೇವಿನ ಹಲಗೆಯಲ್ಲಿ ತಾನೇ ಕೂಡಿಸಿದ್ದ.

ಆ ಮನೆಯಲ್ಲಿ ಹೆಚ್ಚು ಕೇಳುತ್ತಿದ್ದುದು ಅವನ ಅತ್ತೆ ಹಣಮಮ್ಮನ ಹಾಡು. ಬಳಿಚಕ್ರ ಎಂಬ ಊರಿನ ಹಣಮಮ್ಮ ಬೀಸುವ ಪದ ಹೇಳಿದರೆ ಓಣಿಯ ಹೆಂಗಸರು ತಮ್ಮ ಕಲ್ಲು ನಿಲ್ಲಿಸಿ ಕೇಳುತ್ತಿದ್ದರು. ಅವಳು ತೀರಿಕೊಳ್ಳುವ ಹಿಂದಿನ ವರ್ಷ ತಿಮ್ಮಣ್ಣ ಟೇಪ್ ರೆಕಾರ್ಡರನ್ನು ಗೋಣಿಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಹೋಗಿ, ಎರಡು ದಿನ ಬೀಸುಕಲ್ಲಿನ ಮುಂದೆ ಕೂತು ಮೂರು ಕ್ಯಾಸೆಟ್ ತುಂಬಿಸಿಕೊಂಡು ಬಂದಿದ್ದ. ರವಿವಾರ ಮುಂಜಾನೆ ಅವನ ಹೆಂಡತಿ ಕರೆಮ್ಮ ರೊಟ್ಟಿ ಬಡಿಯುತ್ತ ಅವನ್ನು ಕೇಳುತ್ತಿದ್ದಳು. ಅಕ್ಕಪಕ್ಕದ ಹೆಂಗಸರೂ ಬಂದು ಕಟ್ಟೆಯ ಮೇಲೆ ಕೂಡುವರು.

ಒಂದು ಬೇಸಿಗೆಯಲ್ಲಿ ಕಾಲುವೆಗೆ ನೀರು ಬಂದ್ ಮಾಡಿದ್ದರು. ತಿಮ್ಮಣ್ಣನಿಗೆ ಬಿಡುವು. ಗೋಡೆಗುಂಟ ಹೋಗಿದ್ದ ವೈರನ್ನು ನೋಡುತ್ತ ಕೂತವನಿಗೆ ಏರಿಯ ಮೇಲಿನ ಜೋಡಿ ತಂತಿ ನೆನಪಾಯಿತು. ಅಲ್ಲಿ ಆದದ್ದು ಇಲ್ಲಿ ಯಾಕಾಗಬಾರದು? ಅಂಥದೇ ಇನ್ನಿಪ್ಪತ್ತು ಅಡಿ ವೈರು ತಂದು, ಹಳೆಯದರ ಜೊತೆ ಹೊಂದಿಸಿ ಎರಡೂ ತುದಿಗೆ ಬೆಸುಗೆ ಹಾಕಿದ. ಹಣಮಮ್ಮನ ಕ್ಯಾಸೆಟ್ ಹಾಕಿದರೆ, ದನಿ ಎಣ್ಣೆ ಹಚ್ಚಿ ಬಾಚಿದ ಕೂದಲಿನ ಹಾಗೆ ನುಣುಪಾಗಿ ಬಂತು. ಟೇಪಿನ ಸುಯ್ ಎಂಬ ಸದ್ದೂ ಅಡಗಿತ್ತು.

"ಕರೆಮ್ಮ, ಛಂದ ಅದ ಏನು ನೋಡು," ಎಂದು ಕೂಗಿದ.

"ಛಂದ ಅದ್ರಿ," ಎಂದಳು ಕರೆಮ್ಮ ಒಲೆಯ ಮುಂದಿನಿಂದಲೇ.

ಅವನಿಗೆ ಅಷ್ಟು ಸಾಕಾಯಿತು. ಒಂದೇ ತಿಂಗಳಲ್ಲಿ ಈ ಸುದ್ದಿ ಅವನ ಬಾಯಿಂದ ಊರೆಲ್ಲ ಹಬ್ಬಿತು. ಮೈಕ್‌ಸೆಟ್ ಬಾಡಿಗೆಗೆ ಕೊಡುವ ಖಾಜಾಹುಸೇನ ತನ್ನ ವೈರುಗಳನ್ನು ಜೋಡಿ ಮಾಡಿಸಿಕೊಂಡ. ಅವನೂ ಸೇರಿ ಶಹಾಪುರದಲ್ಲಿ ಆರು ಕಡೆ, ಗೋಗಿಯಲ್ಲಿ ಒಂದು ಮನೆ. ಸುರಪುರದಲ್ಲಿ ಹಳೆಯ ನಾಟಕದ ಹಾಡುಗಳ ಗ್ರಾಮಫೋನ್ ತಟ್ಟೆ ಕೂಡಿಸಿಟ್ಟಿದ್ದ ಪಂಪಣ್ಣ ಮಾಸ್ತರರ ಮನೆಗೂ ತಾನೇ ಹೋಗಿ ಬೆಸುಗೆ ಹಾಕಿ ಬಂದ. ಯಾರಲ್ಲೂ ಒಂದು ಪೈಸೆ ಮುಟ್ಟಲಿಲ್ಲ. ಊಟಕ್ಕೆ ಕರೆದರೆ ಉಂಡು ಬರುತ್ತಿದ್ದ.

ಒಪ್ಪದವನು ನಸೀರುದ್ದೀನ ಒಬ್ಬನೇ. ಅವನದು ರೇಡಿಯೋ ರಿಪೇರಿ ಅಂಗಡಿ. ತಿಮ್ಮಣ್ಣನಿಗೆ ಬೆಸುಗೆ ಕಲಿಸಿದವನೇ ಅವನು.

"ಹತ್ತು ಮೈಲಿ ತಂತಿಗೂ ಇಪ್ಪತ್ತು ಅಡಿ ವೈರಿಗೂ ಫರಕ್ ಇಲ್ಲೇನು ತಿಮ್ಮಣ್ಣ? ಇಷ್ಟು ಸಣ್ಣ ವೈರಿನಾಗ ದನಿ ಎಲ್ಲಿ ಸೋಲತದ?"

"ನನ್ನ ಕಿವೀಲೆ ಕೇಳೀನಿ ನಸೀರಭಾಯಿ."

"ಕಿವೀಲೆ ಅಲ್ಲ, ಕಣ್ಣೀಲೆ ಕೇಳೀದಿ ನೀ. ಜೋಡಿ ವೈರು ಕಾಣಾಕತ್ತದ, ಅದಕ್ಕ ಛಲೋ ಕೇಳಾಕತ್ತದ. ಯಾವ ವೈರು ಅಂತ ಗೊತ್ತಿಲ್ಲದಂಗ ಕೇಳು, ಆಮ್ಯಾಲ ಹೇಳು."

ಈ ಮಾತು ತಿಮ್ಮಣ್ಣನಿಗೆ ನಾಟಿತು. ಎಂಟು ಮನೆಗಳವರು ಹೊಗಳಿದ್ದರು, ಊರು ಹೆಸರಿಟ್ಟಿತ್ತು. ಬೇರೆಯವನಾದರೆ ನಕ್ಕು ಎದ್ದು ಬರುತ್ತಿದ್ದ. ತಿಮ್ಮಣ್ಣ ಏಳಲಿಲ್ಲ. "ಐತವಾರ ಮನಿಗಿ ಬಾ," ಎಂದ. "ನೀನೇ ವೈರು ಬದಲಿ ಮಾಡು. ನಾ ಗ್ವಾಡಿ ಕಡಿ ಮಾರಿ ಮಾಡಿ ಕೂಡತೀನಿ."

ರವಿವಾರ ನಸೀರುದ್ದೀನ ಬಂದ. ಆಂಪ್ಲಿಫೈಯರಿನ ಮುಂದೆ ಒಂದು ಸೀರೆ ಕಟ್ಟಿ ಮರೆ ಮಾಡಿದರು. ಒಂಟಿ ವೈರು, ಜೋಡಿ ವೈರು ಎರಡನ್ನೂ ಎಳೆದಿಟ್ಟು, ನಾಣ್ಯ ಹಾರಿಸಿ ಬಿದ್ದಂತೆ ಒಂದನ್ನು ಚುಚ್ಚುವುದು. ಹೀಗೆ ಇಪ್ಪತ್ತು ಸಲ. ತಿಮ್ಮಣ್ಣ ಪ್ರತಿ ಸಲ ಒಂಟಿಯೋ ಜೋಡಿಯೋ ಎಂದು ಚೀಟಿಯಲ್ಲಿ ಬರೆಯಬೇಕು. ಕರೆಮ್ಮನನ್ನೂ ಕೂಡಿಸೋಣ ಎಂದವನು ನಸೀರುದ್ದೀನನೇ.

"ನನಗ ಬರಿಯಾಕ ಬರಂಗಿಲ್ಲ," ಎಂದಳು ಕರೆಮ್ಮ.

"ಬರಿಯೂದು ಬ್ಯಾಡವ್ವ. ಈ ಎರಡು ಬಟ್ಟಲದಾಗ ಜ್ವಾಳದ ಕಾಳು ಹಾಕು. ನಿಮ್ಮವ್ವನ ದನಿ ಖರೇ ಅನಿಸಿದ್ರ ಇದರಾಗ, ಅನಸಲಿಲ್ಲಂದ್ರ ಅದರಾಗ."

ಒಬ್ಬರ ಗುರುತು ಒಬ್ಬರಿಗೆ ಕಾಣದಂತೆ ಗಂಡ ಹೆಂಡತಿ ಬೆನ್ನಿಗೆ ಬೆನ್ನು ಹಾಕಿ ಕೂತರು. ಪ್ರತಿ ಸಲ ಕಾಳು ಬಿದ್ದ ಬಟ್ಟಲನ್ನೂ ನಸೀರುದ್ದೀನ ಸೀರೆಯ ಸಂದಿಯಿಂದ ನೋಡಿ ತನ್ನ ಹಾಳೆಯಲ್ಲಿ ಗುರುತು ಹಾಕಿಕೊಂಡ. ಅದೇ ಹಾಡು, ಅದೇ ನುಡಿ, ಇಪ್ಪತ್ತು ಸಲ. ಮುಗಿಯುವ ಹೊತ್ತಿಗೆ ಬಿಸಿಲು ಹೊಸ್ತಿಲು ದಾಟಿತ್ತು.

ಮೊದಲು ತಿಮ್ಮಣ್ಣನ ಚೀಟಿ ನೋಡಿದರು. ಇಪ್ಪತ್ತಕ್ಕೆ ಹದಿನೆಂಟು ಸರಿ. ನಸೀರುದ್ದೀನ ತನ್ನ ಹಾಳೆಯನ್ನು ಎರಡು ಸಲ ತಾಳೆ ನೋಡಿದ. "ಫರಕ್ ಅದ ಬಿಡಪ್ಪ," ಎಂದ. "ಇಲ್ಲ ಅಂದಿದ್ದು ನನ್ನ ತಪ್ಪು."

ತಿಮ್ಮಣ್ಣನ ಮುಖ ಅರಳಿತು. ಆದರೆ ನಸೀರುದ್ದೀನ ಕರೆಮ್ಮನ ಗುರುತುಗಳ ಮೇಲೆ ಬೆರಳಾಡಿಸುತ್ತ ಮೆತ್ತಗಾದ. ಒಂಟಿ ವೈರು ಹಾಕಿದಾಗಲೆಲ್ಲ ಅವಳ ಕಾಳು 'ಖರೇ' ಬಟ್ಟಲಿಗೆ ಬಿದ್ದಿತ್ತು. ಜೋಡಿ ಹಾಕಿದಾಗಲೆಲ್ಲ ಇನ್ನೊಂದಕ್ಕೆ. ತಪ್ಪಿದ್ದು ಒಂದೇ ಒಂದು ಸಲ.

"ಹೆಂಗ ಗುರ್ತು ಹಿಡದಿ?" ಎಂದ ತಿಮ್ಮಣ್ಣ.

"ಬೀಸಾಗ ಅವ್ವನ ಕೈಬಳಿ ಕಲ್ಲಿನ ಗೂಟಕ್ಕ ತಾಗತಿದ್ವು," ಎಂದಳು ಕರೆಮ್ಮ. "ಒಮ್ಮೆ ಬಳಿ ಸಪ್ಪಳ ಕೇಳತದ, ಒಮ್ಮೆ ಕೇಳಂಗಿಲ್ಲ. ಬಳಿ ಇಲ್ಲದ ಕೈ ಅವ್ವಂದಲ್ಲ."

"ಮತ್ತ ಅವತ್ತು ಛಂದ ಅದ ಅಂದೆಲ್ಲ?"

"ಛಂದ ಅದ ಏನು ಅಂತ ಕೇಳಿದ್ರಿ, ಛಂದ ಅದ ಅಂದೆ. ಅವ್ವನಂಗ ಅದ ಏನು ಅಂತ ನೀವು ಕೇಳಲಿಲ್ಲ."

ತಿಮ್ಮಣ್ಣ ಎದ್ದು ತಾನೇ ಎರಡೂ ವೈರು ಹಾಕಿ, ಈ ಸಲ ಬಳೆಗಾಗಿಯೇ ಕಿವಿಗೊಟ್ಟು ಕೇಳಿದ. ಒಂಟಿಯಲ್ಲಿ ಗಾಜು ಕಿಣಿಕಿಣಿ ಎನ್ನುತ್ತಿತ್ತು. ಜೋಡಿಯಲ್ಲಿ ಅದರ ಮೇಲೆ ಕಂಬಳಿ ಹೊದಿಸಿದಂತೆ. ತಾನು ಮೆಚ್ಚಿದ ನುಣುಪು ಎಲ್ಲಿಂದ ಬಂದದ್ದೆಂದು ಅವನಿಗೆ ಆಗ ತಿಳಿಯಿತು.

ನಸೀರುದ್ದೀನ ತಲೆ ಕೆರೆದುಕೊಂಡು ಲೆಕ್ಕ ಬಿಡಿಸಿದ. ಈ ವೈರಿನಲ್ಲಿ ನಡುವೆ ಒಂದು ಎಳೆ, ಸುತ್ತ ಜಾಳಿಗೆ. ಎರಡರ ನಡುವೆ ಬಳೆಯ ಕಿಣಿಕಿಣಿಯಂಥ ಸಣ್ಣ ದನಿ ಸ್ವಲ್ಪ ಸ್ವಲ್ಪ ಸೋರಿ ಹೋಗುತ್ತದೆ. ವಾಲ್ವಿನ ಯಂತ್ರಕ್ಕೆ ದನಿ ನೂಕುವ ಬಲ ಮೊದಲೇ ಕಮ್ಮಿ. ವೈರು ಎರಡಾದರೆ ಸೋರಿಕೆಯೂ ಎರಡು ಪಟ್ಟು. ಏರಿಯ ಮೇಲಿನ, ಜಾಳಿಗೆ ಇಲ್ಲದ ಬರಿ ತಂತಿಯ ನ್ಯಾಯವೇ ಬೇರೆ.

ತಿಮ್ಮಣ್ಣ ಎಲ್ಲ ಕೇಳಿಸಿಕೊಂಡು, "ಅಂದ್ರ ಎಂಟು ಕಡಿ ಹೋಗಿ ಹಾಡು ಕೆಡಿಸಿ ಬಂದೀನಿ ನಾ," ಎಂದ.

"ಅವರ ಮನ್ಯಾಗ ವಾಲ್ವು ಎಲ್ಲ್ಯದಾವ? ಎಲ್ಲಾ ಟ್ರಾನ್ಸಿಸ್ಟರ್. ಅಲ್ಲಿ ಫರಕ್ ಬೀಳೂದು ಕಮ್ಮಿ. ಬಿಟ್ಟುಬಿಡು."

"ಬೀಳತದೋ ಇಲ್ಲೋ ಕೇಳಿ ನೋಡೂಣು."

ಮರುವಾರವೇ ಹೊರಟ, ಚೀಲದಲ್ಲಿ ಒಂದು ಹಳೆಯ ಸೀರೆಯನ್ನೂ ಇಟ್ಟುಕೊಂಡು. ಪ್ರತಿ ಮನೆಯಲ್ಲೂ ಅದನ್ನು ಕಟ್ಟಿ, ಮನೆಯವರನ್ನೇ ಕೂಡಿಸಿ ಕೇಳಿಸಿದ. ಖಾಜಾಹುಸೇನನ ಸೆಟ್ಟಿನಲ್ಲಿ ಯಾರಿಗೂ ಯಾವ ವ್ಯತ್ಯಾಸವೂ ಸಿಗಲಿಲ್ಲ. "ನಷ್ಟ ಆಗಿಲ್ಲ, ಆದ್ರ ಲಾಭನೂ ಇಲ್ಲ. ನಾ ಹೇಳಿದ್ದು ಸುಳ್ಳು," ಎಂದು ತಿಮ್ಮಣ್ಣ ಅಲ್ಲಿದ್ದ ಕೆಲಸದವರೆಲ್ಲರ ಮುಂದೆ ಹೇಳಿದ. ಹೆಚ್ಚಿನ ಮನೆಗಳಲ್ಲೂ ಹಾಗೇ ಆಯಿತು. ಕೆಲವರು ಬಿಚ್ಚಿಸಿದರು, ಕೆಲವರು ಇರಲಿ ಬಿಡು ಎಂದರು. ನಕ್ಕವರೂ ಇದ್ದರು. ಹೆಸರು ಗಟ್ಟಿಯಾಗಿ ಅಂಟಿದ್ದು ಆಗಲೇ.

ಕಷ್ಟವಾದದ್ದು ಸುರಪುರದಲ್ಲಿ. ನಸೀರುದ್ದೀನನಿಗೆ ಗೊತ್ತಿರಲಿಲ್ಲ, ಪಂಪಣ್ಣ ಮಾಸ್ತರರದೂ ವಾಲ್ವಿನ ಸೆಟ್ಟು. ಜೋಡಿ ವೈರಿನ ಮಹಿಮೆಯನ್ನು ಅವರು ಬಂದವರಿಗೆಲ್ಲ ವರ್ಣಿಸಿ ಹೇಳಿದ್ದರು.

"ಅವತ್ತು ನೀನೇ ಛಲೋ ಅಂದಿ, ಇವತ್ತು ನೀನೇ ಬಿಚ್ಚತೀನಿ ಅಂತಿ," ಎಂದರು ಕುರ್ಚಿಯಿಂದ ಏಳದೆ. "ನಾಕು ಮಂದ್ಯಾಗ ನಾ ಏನಂತ ಹೇಳ್ಲಿ?"

"ತಪ್ಪು ನಂದ್ರಿ ಮಾಸ್ತರ್. ತಿಮ್ಮಣ್ಣ ತಪ್ಪಿದ ಅಂತ ಹೇಳ್ರಿ. ಬಿಚ್ಚೂದು ಬಿಡೂದು ಆಮ್ಯಾಲ. ಒಂದು ಸಲ ಕೇಳ್ರಿ, ಅಷ್ಟೇ."

ಮಾಸ್ತರರು ಬೇಸರದಿಂದಲೇ ಕಣ್ಣು ಮುಚ್ಚಿದರು. ತಿಮ್ಮಣ್ಣ ಮರೆಯಲ್ಲಿ ಕೂತು ವೈರು ಬದಲಿಸಿದ. ಮೂರನೆಯ ಸಲಕ್ಕೆ ಅವರ ಬೆರಳು ಕುರ್ಚಿಯ ಕೈ ಮೇಲೆ ತಾಳ ಹಾಕತೊಡಗಿತು. "ನಿಲ್ಲು," ಎಂದರು. "ಇದರಾಗ ತಾಳದ ಅಂಚು ಕೇಳಾಕತ್ತದ. ಎಷ್ಟೋ ದಿನದಿಂದ ಇದು ಎಲ್ಲಿ ಹೋಯಿತು ಅಂತ ಹುಡುಕಾಕತ್ತಿದ್ದೆ. ಮುಪ್ಪಿಗೆ ಕಿವಿ ಹೋದ್ವು ಅಂತ ತಿಳದಿದ್ದೆ ನಾ." ಅವರೇ ಎದ್ದು ಬಂದು ಎರಡನೆಯ ವೈರನ್ನು ಕಿತ್ತರು. ತಿಮ್ಮಣ್ಣನಿಗೆ ಅಂದು ಊಟವಾಯಿತು, ಊಟದ ಮೇಲೆ ಎಲೆಯಡಿಕೆಯೂ ಆಯಿತು. ಶಹಾಪುರದ ಬಸ್ಸಿನವರೆಗೆ ಮಾಸ್ತರರು ಜೊತೆಗೆ ನಡೆದು ಬಂದರು.

ಮನೆಯ ಸೆಟ್ಟನ್ನು ತಿಮ್ಮಣ್ಣ ಹೊಸದಾಗಿ ಹೂಡಿದ. ವೈರು ಉದ್ದವಾದಷ್ಟೂ ಸೋರಿಕೆ ಎಂದ ಮೇಲೆ ಉದ್ದವೇ ಬೇಡ ಎಂದುಕೊಂಡು, ವಾಲ್ವಿನ ಯಂತ್ರವನ್ನು ಪಡಸಾಲೆಗೆ ತಂದು, ಗುಂಯ್ ಎಂಬ ಸದ್ದು ಅಡಗುವ ತನಕ ನಾಲ್ಕು ದಿನ ಅದನ್ನು ಅತ್ತ ಇತ್ತ ತಿರುಗಿಸಿದ. ಕೊನೆಗೆ ಅಡ್ಡ ಮಲಗಿಸಿದಾಗ ಸದ್ದು ನಿಂತಿತು. ಈಗ ನಡುವೆ ಎರಡು ಅಡಿ ವೈರು, ಅದೂ ಒಂಟಿ. ಹಣಮಮ್ಮ ಎದುರಿಗೇ ಕೂತು ಬೀಸಿದಂತೆ ಕೇಳುತ್ತಿದೆ ಎಂದು ಕರೆಮ್ಮ ಹೇಳುವವರೆಗೆ ಅವನು ಬೆಸುಗೆಯ ಸಾಮಾನು ಎತ್ತಿಡಲಿಲ್ಲ.

ಅಲ್ಲಿಂದ ಮುಂದೆ ನಸೀರುದ್ದೀನನೂ ಒಂದು ರೂಢಿ ಹಾಕಿಕೊಂಡ. ಸಂತೆಯ ದಿನ ಕರೆಮ್ಮ ಕಾಯಿಪಲ್ಲೆಗೆ ಬಂದರೆ ಅವಳಿಗೊಂದು ಸ್ಟೂಲು ಹಾಕಿ ಕೂಡಿಸಿ, ಆ ವಾರ ರಿಪೇರಿಯಾದ ರೇಡಿಯೋ ಟೇಪುಗಳನ್ನು ಒಂದೊಂದಾಗಿ ಹಚ್ಚುತ್ತಿದ್ದ. "ಇದು ಮೂಗಿನಾಗ ಹಾಡತದ," ಎನ್ನುವಳು ಕರೆಮ್ಮ. "ಇದು ಅಡ್ಡಿ ಇಲ್ಲ, ಕೊಟ್ಟು ಕಳಸ್ರಿ." ಮೂಗಿನಲ್ಲಿ ಹಾಡುವುದು ಮತ್ತೆ ಬಿಚ್ಚಿಸಿಕೊಳ್ಳುತ್ತಿತ್ತು. ತಿಮ್ಮಣ್ಣ ಪಲ್ಲೆಯ ಚೀಲ ಹಿಡಿದು ಅಂಗಡಿಯ ಹೊರಗೆ ನಿಂತಿರುತ್ತಿದ್ದ, ಅವಳು ಏಳುವವರೆಗೆ.