ಖಾಲಿ ಜೋಲಿಯ ತೂಕ

ಪೌಷ್ಟಿಕ ಆಹಾರ ಕೇಂದ್ರದಲ್ಲಿ ಹದಿನಾಲ್ಕು ವರ್ಷ ಮಕ್ಕಳನ್ನು ತೂಗಿದ ಹೆಂಗಸಿಗೆ ಬೀದಿಯವರೆಲ್ಲ ಇಟ್ಟ ಹೆಸರು ತೂಕದಕ್ಕ. ಮೂರು ಮಧ್ಯಾಹ್ನ ಕುಳಿತು ಅವರು ಹೇಳಿದ್ದನ್ನು ಕೇಂದ್ರದ ದಾಖಲೆ ಪುಸ್ತಕದೊಡನೆ ತಾಳೆ ನೋಡಿ ಇಲ್ಲಿ ಬರೆದಿದೆ.

ಕೇಂದ್ರವೆಂದರೆ ಒಂದೇ ಕೋಣೆ. ತೊಲೆಗೆ ಕೊಕ್ಕೆ, ಕೊಕ್ಕೆಗೆ ಮುಳ್ಳಿನ ತಕ್ಕಡಿ, ತಕ್ಕಡಿಗೆ ಬಟ್ಟೆಯ ಜೋಲಿ, ಜೋಲಿಯಲ್ಲಿ ಮಗು. ಮುಳ್ಳು ವಯಸ್ಸಿಗೆ ತಕ್ಕ ತೂಕದ ಗೆರೆಯ ಕೆಳಗಿದ್ದರೆ ಆ ಮಗುವಿಗೆ ವಾರಕ್ಕೊಂದು ಪೊಟ್ಟಣ ಹಿಟ್ಟು. ಗೆರೆ ದಾಟಿದರೆ ಅಂದಿನಿಂದ ಆ ಮಗುವಿಗೆ ಹಸಿವಾಗುವುದಿಲ್ಲವೆಂದು ಮೇಲಿನ ಕಚೇರಿ ತೀರ್ಮಾನಿಸಿತ್ತು.

ಒಂದು ದಿನ ಹಳೆಯ ಜೋಲಿ ಹರಿಯಿತು. ತೂಕದಕ್ಕನ ಗಂಡ ದರ್ಜಿ. ಲಾರಿಯ ಟಾರ್ಪಾಲಿನ ತುಂಡಿನಲ್ಲಿ ನಾಲ್ಕು ಸುತ್ತು ಹೊಲಿಗೆ ಹಾಕಿ ಹೊಸದೊಂದನ್ನು ಕೊಟ್ಟರು.

"ಆನೆಮರಿ ಕೂರಿಸಿದ್ರೂ ಹರಿಯಲ್ಲ ಕಣೇ."

ಜೋಲಿ ಬದಲಾದಾಗ ಮುಳ್ಳನ್ನು ಮತ್ತೆ ಸೊನ್ನೆಗೆ ತರಬೇಕು. ಆದರೆ ತಕ್ಕಡಿಯ ತಿರುಪು ತುಕ್ಕು ಹಿಡಿದು ವರ್ಷಗಳಾಗಿದ್ದವು. ಅದನ್ನು ಮುಟ್ಟುವ ಅಭ್ಯಾಸವೇ ತಪ್ಪಿಹೋಗಿತ್ತು.

ಆ ತಿಂಗಳು ಪವಾಡ ನಡೆಯಿತು. ಇಪ್ಪತ್ತಾರು ಮಕ್ಕಳೂ ಒಮ್ಮೆಲೇ ತಲಾ ಆರುನೂರು ಗ್ರಾಂ ಬೆಳೆದರು; ಹತ್ತೊಂಬತ್ತು ಮಕ್ಕಳು ಗೆರೆ ದಾಟಿದರು. ಈ ಸಾಧನೆಗೆ ಕಾರಣ ಗೋಡೆಗೆ ಅಂಟಿಸಿದ ತರಕಾರಿಯ ಚಿತ್ರವೆಂದು ಕಚೇರಿ ನಾಲ್ಕು ಪುಟಗಳಲ್ಲಿ ಸಾಧಿಸಿತು. ತರಕಾರಿಯನ್ನು ನೋಡಿದರೇ ಇಷ್ಟು, ಇನ್ನು ತಿಂದರೆ ಏನು ಗತಿಯೆಂಬ ಮುನ್ನೆಚ್ಚರಿಕೆಯಿಂದಲೋ ಏನೋ, ಹತ್ತೊಂಬತ್ತು ಪೊಟ್ಟಣ ನಿಂತವು.

ಮೂರನೆಯ ವಾರ ಪಕ್ಕದ ಬೀದಿಯ ತಾಯಿಯೊಬ್ಬಳು ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಳು.

"ಅಕ್ಕಾ, ಇವಳು ದಪ್ಪ ಆಗಿದ್ದಾಳೆ ಅಂತ ಬರೆದಿದ್ದೀರಂತೆ. ಎಲ್ಲಿ ದಪ್ಪ ಆಗಿದ್ದಾಳೆ, ನನಗೂ ಸ್ವಲ್ಪ ತೋರಿಸಿ."

ಮಗುವಿನ ರಟ್ಟೆಯನ್ನು ಎರಡೇ ಬೆರಳು ಸುತ್ತುತ್ತಿದ್ದವು. ತೂಕದಕ್ಕ ಖಾಲಿ ಜೋಲಿಯನ್ನು ಕೊಕ್ಕೆಗೆ ಹಾಕಿದರು. ಮುಳ್ಳು ಆರುನೂರಕ್ಕೆ ಹೋಗಿ ನಿಂತಿತು.

ಮನೆಯಲ್ಲಿ ಅವರು ಕೂಗಾಡಿದರು. "ನಿಮ್ಮ ಟಾರ್ಪಾಲು ಮಕ್ಕಳ ಹಿಟ್ಟು ನುಂಗ್ತು!"

"ಹೊಲಿಯೋದು ನನ್ನ ಕೆಲಸ. ಮುಳ್ಳು ನೋಡೋದೂ ದರ್ಜಿ ಕೆಲಸಾನಾ?"

ಅದು ತಮ್ಮದೇ ಕೆಲಸವಾಗಿತ್ತೆಂದು ತೂಕದಕ್ಕ ಇಂದಿಗೂ ಒಪ್ಪುತ್ತಾರೆ.

ತಪ್ಪು ತಮ್ಮದೆಂದು ಹೇಳಿಕೊಳ್ಳಲು ಹೋದಾಗ ಕೇಂದ್ರದ ಮೇಲ್ವಿಚಾರಕ ಬಾಗಿಲು ಮುಂದೆ ಮಾಡಿದ. "ಅಮ್ಮಾ, ದಮ್ಮಯ್ಯ, ಸುಮ್ನಿರಿ. ನಾಳೆ ಸಾಹೇಬರು ನಿಮಗೆ ಪ್ರಶಸ್ತಿ ಪತ್ರ ಕೊಡೋಕೆ ಬರ್ತಿದ್ದಾರೆ."

ಸಾಹೇಬರು ಬಂದರು, ಚಿತ್ರದ ತರಕಾರಿಗಳನ್ನು ಮೆಚ್ಚಿದರು, ತೂಗುವ ವಿಧಾನವನ್ನು ನೋಡಬಯಸಿದರು. ತೂಕದಕ್ಕ ಖಾಲಿ ಜೋಲಿಯನ್ನು ನೇತುಹಾಕಿದರು.

"ಮಗು ಎಲ್ಲಮ್ಮಾ?"

"ಮಗು ಇಲ್ಲ ಸಾರ್. ಇಷ್ಟು ದಿನ ನೀವು ಹೊಗಳಿದ್ದು ಇದನ್ನೇ. ಮುಳ್ಳು ಸರಿಮಾಡದೆ ಬಿಟ್ಟವಳು ನಾನು. ಶಿಕ್ಷೆ ನನಗೆ ಕೊಡಿ, ಹಿಟ್ಟು ಅವರಿಗೆ ಕೊಡಿ."

ಸಾಹೇಬರು ಮುಳ್ಳನ್ನು ನೋಡಿದರು, ಗಡಿಯಾರವನ್ನು ನೋಡಿದರು, ಪ್ರಶಸ್ತಿ ಪತ್ರವನ್ನು ಮೇಜಿನ ಮೇಲಿಟ್ಟು ಜೀಪು ಹತ್ತಿದರು. ಮೇಲ್ವಿಚಾರಕ ಬೆವರು ಒರೆಸಿಕೊಂಡ.

"ವರದಿ ಮೇಲಕ್ಕೆ ಹೋಗಾಯ್ತಮ್ಮಾ. ಗೆರೆ ದಾಟಿದ ಮಗೂನ ವಾಪಸ್ ಇಳಿಸೋಕೆ ನಮೂನೆಯಲ್ಲಿ ಜಾಗವೇ ಇಲ್ಲ."

"ಹೊಸ ಮಗು ಸೇರಿಸೋಕೆ?"

"ಅದಕ್ಕೆ ಎರಡು ಪುಟ ಇದೆ." ಹೇಳುತ್ತಲೇ ಅವನಿಗೆ ಅರ್ಥವಾಗಿ ನಗು ಬಂತು. "ಅಯ್ಯೋ, ಬರ್ಕೊಳ್ಳಿ ಅತ್ಲಾಗೆ!"

ತೂಕದಕ್ಕ ಸೀಮೆಎಣ್ಣೆ ಹಾಕಿ ತಿರುಪನ್ನು ಸಡಿಲಿಸಿದರು, ಮುಳ್ಳನ್ನು ಸೊನ್ನೆಗೆ ತಂದರು, ಹತ್ತೊಂಬತ್ತು ಮಕ್ಕಳನ್ನೂ ಮತ್ತೆ ತೂಗಿ ಹೊಸಬರೆಂದು ಬರೆದರು. ಬಾಯಲ್ಲಿ ಹಲ್ಲು ಬಂದ, ಓಡಾಡಿಕೊಂಡಿದ್ದ ಮಕ್ಕಳು ದಾಖಲೆಯಲ್ಲಿ ಎರಡನೆಯ ಬಾರಿ ಹುಟ್ಟಿದರು. ಕೇಂದ್ರವು ಒಂದೇ ತಿಂಗಳಲ್ಲಿ ಹತ್ತೊಂಬತ್ತು ಹೊಸ ಮಕ್ಕಳನ್ನು ತಲುಪಿತೆಂದು ಕಚೇರಿ ಇನ್ನೊಂದು ಪ್ರಶಸ್ತಿ ಪತ್ರ ಕಳುಹಿಸಿತು. ಅದರ ಹಿಂದೆಯೇ ಹಿಟ್ಟಿನ ಗಾಡಿಯೂ ಬಂತು.

ಸೊಂಟದ ಮೇಲಿನ ಆ ಹುಡುಗಿ ಗೆರೆ ದಾಟಲು ಏಳು ತಿಂಗಳು ಹಿಡಿಯಿತು. ಆ ದಿನ ಅವಳ ತಾಯಿ ಮುಳ್ಳಿನ ಕಡೆ ನೋಡಲೇ ಇಲ್ಲ. ಮಗಳನ್ನು ಎತ್ತಿಕೊಂಡು, "ಅಬ್ಬಾ, ಸೊಂಟ ಬಿದ್ದುಹೋಯ್ತು ಅಕ್ಕಾ, ಬರ್ಕೊಳ್ಳಿ," ಎಂದಳಂತೆ.