ಸಿಪ್ಪೆ ಸಂಶೋಧಕ

ಬಾದಾಮಿ, ಗೋಡಂಬಿಗಳಲ್ಲಿ ದೇಹಕ್ಕೆ ಒಳ್ಳೆಯದು ಮಾಡುವ ಸಸ್ಯಾಂಶಗಳು ಎಷ್ಟಿವೆ ಎಂದು ಅಳೆಯುವುದು ನನ್ನ ಹೊಟ್ಟೆಪಾಡು. ಪವಾಯಿಯ ಲ್ಯಾಬಿನಲ್ಲಿ ಅವನ್ನು ಪುಡಿ ಮಾಡಿ, ಮೆಥನಾಲ್ ದ್ರಾವಕದಲ್ಲಿ ನೆನೆಸಿ, ಸೋಸಿ, ಕ್ರೊಮ್ಯಾಟೊಗ್ರಫಿ ಯಂತ್ರಕ್ಕೆ ಹಾಕುತ್ತೇನೆ. ಒಳಗಿನ ಕೊಳವೆಯಲ್ಲಿ ಒಂದೊಂದು ಅಂಶವೂ ಬೇರೆಯಾಗಿ ತನ್ನ ಹೊತ್ತಿಗೆ ಹೊರಬರುತ್ತದೆ, ಪರದೆಯ ಮೇಲೆ ಗೆರೆ ಏಳುತ್ತದೆ. ಗೆರೆ ಎದ್ದಷ್ಟೂ ಅಂಶ ಹೆಚ್ಚು. ಇಷ್ಟು ಹೇಳಲು ನಾನು ಡಾಕ್ಟರೇಟ್ ಮಾಡಬೇಕಾಯಿತು.

ಆದರೆ ನೆನೆದ ಬಾದಾಮಿಯ ಸಿಪ್ಪೆ ತೆಗೆಯಲು ನನಗೆ ಬಾರದು. ನಾನು ಹಿಸುಕಿದರೆ ಅದು ಚಿಮ್ಮಿ ಫ್ರಿಜ್ಜಿನ ಅಡಿ ಸೇರುತ್ತದೆ. ಹಾಗಾಗಿ ದಿನಾ ಬೆಳಿಗ್ಗೆ ಅಮ್ಮ ಎದುರು ಕೂತು ಸುಲಿದು ಕೊಡುತ್ತಿದ್ದಳು. ಅಪ್ಪ ಹೋದಮೇಲೆ ಮೈಸೂರಿನಿಂದ ವಡಾಲದ ನನ್ನ ಫ್ಲ್ಯಾಟಿಗೆ ಬಂದವಳು. ಹಿಂದಿ ಬಾರದು, ಬಿಲ್ಡಿಂಗಿನಲ್ಲಿ ಕನ್ನಡದವರಿಲ್ಲ. ನಾನು ಲೋಕಲ್ ರೈಲು ಹಿಡಿಯುವ ಮೊದಲಿನ ಆ ಹೊತ್ತಿನಲ್ಲೇ ಅವಳ ಇಡೀ ದಿನದ ಮಾತು ಮುಗಿಯಬೇಕು. ನಾನು ‘ಹೂಂ’ ಅನ್ನುತ್ತ ತಿನ್ನುತ್ತಿದ್ದೆ.

ಒಮ್ಮೆ ಲ್ಯಾಬಿನಲ್ಲಿ ಸಿಪ್ಪೆಯಿರುವ ಬಾದಾಮಿಯನ್ನೂ ಸುಲಿದದ್ದನ್ನೂ ಹೋಲಿಸಿದೆವು. ಮೊದಲನೆಯದರ ಗೆರೆಗಳು ಎದ್ದು ನಿಂತವು. ಎರಡನೆಯದರವು ಹೆಚ್ಚುಕಡಿಮೆ ಮಲಗಿಯೇ ಇದ್ದವು. ನನಗೆ ಕೊಂಬು ಬಂತು. ಪ್ರಿಂಟ್ ತೆಗೆದು ಮನೆಗೆ ಒಯ್ದೆ.

“ನೋಡಮ್ಮ, ಒಳ್ಳೇದೆಲ್ಲ ಸಿಪ್ಪೇಲೇ ಇದೆ. ನೀನು ಅದನ್ನೇ ಕಸಕ್ಕೆ ಹಾಕ್ತಿದೀಯ.”

“ಸಿಪ್ಪೆ ಉಷ್ಣ ಕಣೋ.”

“ಉಷ್ಣ ಅಂತ ಯಂತ್ರದಲ್ಲೇನೂ ಬರಲ್ಲಮ್ಮ.”

ಸೆಮಿನಾರಿನಲ್ಲಿ ಯಾರೂ ಕೇಳದ ನನ್ನ ಉಪನ್ಯಾಸವನ್ನು ಆ ಬಡಪಾಯಿ ಪೂರ್ತಿ ಕೇಳಿಸಿಕೊಂಡಳು.

ಮಾರನೆಯ ದಿನ ಬಾದಾಮಿ ಸಿಪ್ಪೆಸಮೇತ ಮೇಜಿಗೆ ಬಂತು, ಅಮ್ಮ ಬರಲಿಲ್ಲ. ಕೈಗೆ ಕೆಲಸವಿಲ್ಲದೆ ಸುಮ್ಮನೆ ಎದುರು ಕೂರುವುದು ಅವಳಿಗೆ ಗೊತ್ತಿಲ್ಲ. ಬಾಲ್ಕನಿಯಲ್ಲಿ ನಿಂತು ರೈಲು ನೋಡುತ್ತಿದ್ದಳು. ಕರೆದರೆ, “ತಿನ್ನು, ಹೊತ್ತಾಗತ್ತೆ” ಅಂದಳು. ಆಮೇಲೆ ದಿನಾ ಹಾಗೇ ಆಯಿತು. ಒಬ್ಬನೇ ಕೂತು ಆ ಪೌಷ್ಟಿಕ ಸಿಪ್ಪೆ ಅಗಿಯುತ್ತಿದ್ದೆ. ಹಲ್ಲಿಗೆ ಅಂಟಿದ್ದನ್ನು ರೈಲಿನಲ್ಲಿ ಕುರ್ಲಾ ಸ್ಟೇಷನ್ ಬರುವವರೆಗೂ ನಾಲಿಗೆಯಿಂದ ಕೀಳುತ್ತ ನಿಂತಿರುತ್ತಿದ್ದೆ. ಎದುರಿನವರು ನಾನು ಅಣಕಿಸುತ್ತಿದ್ದೇನೆ ಅಂದುಕೊಂಡಿರಬೇಕು. ಅಮ್ಮನ ಮಾತಿಲ್ಲದ ಬೆಳಗನ್ನು ನನಗೆ ಸಹಿಸಲಾಗುತ್ತಿರಲಿಲ್ಲ.

ಕೊನೆಗೆ ಒಂದು ದಿನ ಬಟ್ಟಲನ್ನು ಬಾಲ್ಕನಿಗೇ ಒಯ್ದೆ.

“ಅಮ್ಮ, ಸುಲಿದು ಕೊಡು.”

“ಒಳ್ಳೇದೆಲ್ಲ ಸಿಪ್ಪೇಲಿದೆ ಅಂದ್ಯಲ್ಲೋ?”

“ಯಂತ್ರ ಕೆಟ್ಟಿತ್ತಮ್ಮ.”

ಯಂತ್ರ ಚೆನ್ನಾಗಿಯೇ ಇತ್ತು. ಅಮ್ಮ ನನ್ನ ಮುಖ ನೋಡಿದಳು, ಒಂದು ಬಾದಾಮಿ ಎತ್ತಿಕೊಂಡಳು.

“ನಾನಿಲ್ಲಿ ನಿಲ್ಲೋಕೆ ಶುರುಮಾಡಿದಾಗಿಂದ ಪಕ್ಕದ ಮನೆಯವಳು ದಿನಾ ಹಿಂದೀಲಿ ಏನೋ ಕೇಳ್ತಿದಾಳೆ ಕಣೋ. ಏನೂಂತ ಗೊತ್ತಾಗದೆ ನಾನು ಬರೀ ನಗ್ತಿದೀನಿ,” ಅಂದಳು.